ಮಾತ್ರೆ ಬಂದಿಲ್ಲವಂತೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ಎರಡನೇ ಹೆರಿಗೆಯಲ್ಲಿ ನನ್ನ ಜೀವ ಉಳಿಸಿ, "ಇನ್ನೊಂದು ಹೆತ್ತರೆ ನೀನು ಉಳಿಯಲ್ಲ" ಅಂದವರು ನೀವೇ. ಈಗ ಊರಲ್ಲಿ ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗಿನಿಂದ, ಬಸಿರಾಗದಂತೆ ನುಂಗುವ ಮಾತ್ರೆ ಕೇಳಿದರೆ ನಿಮ್ಮ ನರ್ಸಮ್ಮ "ಬಂದಿಲ್ಲ" ಅನ್ನುತ್ತಾರೆ. ನಿನ್ನೆ ಕಪಾಟು ತೆರೆದಿತ್ತು, ಒಳಗೆ ಮಾತ್ರೆ ತುಂಬಿತ್ತು. ಕೇಳಿದ್ದಕ್ಕೆ, "ಮೇಲಿನವರ ಮಾತು ಕಣಮ್ಮ, ಮೂರನೆಯದು ಹುಟ್ಟಿದರೆ ಸರ್ಕಾರ ತೊಟ್ಟಿಲು ಕೊಡುತ್ತೆ" ಅಂದರು.

ಹಿಂದೆ ಊರಲ್ಲಿ ಮಕ್ಕಳು ಹೆಚ್ಚಾದವೆಂದು ನನ್ನಮ್ಮನಿಗೆ ಹೇಳದೆ ಕೇಳದೆ ಮಕ್ಕಳಾಗದಂತೆ ಆಪರೇಷನ್ ಮಾಡಿದ್ದೂ ಇದೇ ಆಸ್ಪತ್ರೆ. ಆ ಮೇಲಿನವರಲ್ಲಿ ನೀವೂ ಒಬ್ಬರೋ ಏನೋ, ನನಗೆ ಅನುಮಾನ.

ಸೋಮವಾರ ನಮ್ಮ ಯಜಮಾನರನ್ನು ಕರೆತರುತ್ತೇನೆ. ಅವರೇ ಒಪ್ಪಿದ್ದಾರೆ, ಆಪರೇಷನ್ ಅವರಿಗೇ ಮಾಡಿ. ಕತ್ತರಿ ಬಂದಿಲ್ಲ ಅನ್ನಬೇಡಿ, ನನ್ನ ಅಂಗಡಿಯದನ್ನೇ ತಂದೇನು.

ಇಂತಿ,
ಬೀದಿ ಮೂಲೆಯ ಟೈಲರ್