ಕೈಗೆ ತಾಗದ ತಂಪು

ಏಪ್ರಿಲ್ 3
ಬೆಳಿಗ್ಗೆಯಿಂದ ಏಳು ಕಾರು. ಏಳಕ್ಕೂ ಒಂದೇ ರಾಗ — ಎಸಿ ಕೂಲಿಂಗ್ ಇಲ್ಲ. ಚಳಿಗಾಲವೆಲ್ಲ ನನ್ನ ಅಂಗಡಿಯತ್ತ ತಲೆ ಹಾಕದವರಿಗೂ ಬಿಸಿಲು ಬಂದರೆ ನಾನು ನೆಂಟ.

ಎಂಟನೆಯದು ಅಕ್ಕನ ಕಾರು. ಗಾಳಿ ಬರುತ್ತದಂತೆ, ತಂಪು ಸಾಲದಂತೆ. ಪಕ್ಕದ ಸೀಟಿನಲ್ಲಿ ಭಾವ, ಕುತ್ತಿಗೆಗೆ ಒದ್ದೆ ಟವೆಲ್. ನರದ ಕಾಯಿಲೆ. ಮೈ ಕಾದರೆ ಕಾಲು ಮಾತು ಕೇಳುವುದಿಲ್ಲ, ತಣ್ಣಗಾದರೆ ಮೆಲ್ಲಗೆ ಮರಳುತ್ತದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಮುಕ್ಕಾಲು ಗಂಟೆಯ ದಾರಿ. ಈಗ ವಾಕರ್ ಹಿಡಿದು ಹನ್ನೊಂದು ಹೆಜ್ಜೆ! ಒಂದು ದಿನವೂ ತಪ್ಪಿಸದೆ ಈ ಬೇಸಿಗೆ ದಾಟಿಸಿದರೆ ಮನೆಯೊಳಗೆ ತಾವೇ ಓಡಾಡಬಹುದು ಎಂದಿದ್ದಾರೆ ಡಾಕ್ಟರು. ಅಂದರೆ ಈ ಎಸಿ ಕೈಕೊಡಬಾರದು.

ಗ್ಯಾಸ್ ಹಾಕಿದೆ. ಗ್ಯಾಸ್ ಸಾಕಾದರೆ ತಣ್ಣಗಾಗುವ ದಪ್ಪ ಪೈಪು ಹಿಡಿದು ನೋಡಿದೆ. ತಣ್ಣಗಾಗಲಿಲ್ಲ. ಪೈಪಿನ ಮೇಲೆ ನೀರು ಬೆವೆತಿತ್ತು ನಿಜ. ಬೆವೆತರೇನು, ಕೈ ಒಪ್ಪಬೇಕಲ್ಲ. ಇನ್ನಷ್ಟು ಹಾಕಿದೆ. ಪರವಾಗಿಲ್ಲ ಅನ್ನಿಸಿತು, ಕಳಿಸಿದೆ.

ಏಪ್ರಿಲ್ 9
ಅಕ್ಕ ಮತ್ತೆ ಹಾಜರು. "ಹತ್ತು ನಿಮಿಷ ತಣ್ಣಗೆ ಬರುತ್ತೆ ಕಣೋ, ಆಮೇಲೆ ಒಲೆ ಮುಂದೆ ಕೂತ ಹಾಗೆ."

ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಲೀಕ್ ಇಲ್ಲ. ಭಾವ ಸ್ಟೂಲ್ ಮೇಲೆ, ಫ್ಯಾನಿನ ಎದುರು, ಬಾನೆಟ್ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಪೈಪು ಹಿಡಿದೆ. ಬಿಟ್ಟೆ. ಮತ್ತೆ ಹಿಡಿದೆ. ತಂಪು ಕಾಣಲಿಲ್ಲ. ಲೀಕ್ ಇಲ್ಲದೆ ಗ್ಯಾಸ್ ಎಲ್ಲಿಗೆ ಹೋಯಿತು, ನನ್ನ ಕರ್ಮ! ಇನ್ನೊಂದಿಷ್ಟು ಹಾಕಿದೆ.

ಏಪ್ರಿಲ್ 16
ಮೂರನೇ ಸಲ. ವಾಲ್ವ್ ಬದಲಾಯಿಸಿದೆ. ಫಿಲ್ಟರ್ ಬದಲಾಯಿಸಿದೆ. ಕಾರಿನ ಕಂಪನಿಯವರ ವಂಶವನ್ನೆಲ್ಲ ಬೈದೆ.

ಪಕ್ಕದ ಶೆಡ್ಡಿನ ವೈರಿಂಗ್ ಅಣ್ಣ ಬೀಡಿ ಸೇದುತ್ತ ಬಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೀಟರ್ ಹಾಕಿ ಪ್ರೆಶರ್ ನೋಡಯ್ಯ."

"ಇಪ್ಪತ್ತಾರು ವರ್ಷದಿಂದ ಈ ಕೈಯೇ ಮೀಟರ್. ನಿನ್ನ ವೈರು ನೀನು ನೋಡ್ಕೋ" ಎಂದೆ.

ಮೀಟರ್ ಇದೆ. ಕಪಾಟಿನ ಮೇಲಿದೆ. ಮೇಲೆ ಧೂಳು ಕೂತಿದೆ. ಅದನ್ನು ಇಳಿಸಿದರೆ ಗಿರಾಕಿಗಳ ಮುಂದೆ ನನ್ನ ಮರ್ಯಾದೆ ಇಳಿದಂತೆ. ಊರಿನವರೆಲ್ಲ ನನ್ನಲ್ಲಿಗೆ ಬರುವುದೇ 'ಕೈ ಇಟ್ಟು ಹೇಳ್ತಾನೆ' ಅಂತ.

ಮತ್ತೆ ಗ್ಯಾಸ್ ಹಾಕಿದೆ. ಅಕ್ಕ ಹೋಗುವಾಗ ಎಂದಳು, "ನಿನ್ನ ಬಿಟ್ಟು ಬೇರೆಯವರ ಹತ್ರ ಹೋಗಲ್ಲ ಕಣೋ. ಭಾವನೂ ಬೇಡ ಅಂತಾರೆ."

ಏಪ್ರಿಲ್ 20, ಸಂಜೆ
ಸ್ನಾನಕ್ಕೆ ಹೋದೆ. ಬಕೆಟ್ಟಿನಲ್ಲಿ ಕೈಯಾಡಿಸಿದೆ, ಹದವಾಗಿತ್ತು. ಹೆಂಡತಿ ತಣ್ಣೀರಿನ ಚೊಂಬು ಹಿಡಿದು ಬಂದವಳು ಕಿಟಾರನೆ ಕಿರುಚಿದಳು.

"ರೀ! ಈಗ ತಾನೇ ಒಲೆಯಿಂದ ಇಳಿಸಿ ಸುರಿದಿದ್ದು! ತಣ್ಣೀರು ಬೆರೆಸೇ ಇಲ್ಲ!"

ಕೈ ತೆಗೆದು ನೋಡಿದೆ. ಕೆಂಪಗಾಗಿತ್ತು. ಈಗ ಎರಡು ಬೆರಳಿಗೆ ಬೊಬ್ಬೆ. ಉರಿಯಿಲ್ಲ. ನನಗೆ ಉರಿಯಿಲ್ಲ, ಅವಳು ಅಳುತ್ತಿದ್ದಾಳೆ.

ಏಪ್ರಿಲ್ 21
ಡಾಕ್ಟರು ಸೂಜಿ ಚುಚ್ಚಿ ನೋಡಿದರು. ಸಕ್ಕರೆ ಕಾಯಿಲೆ ನರ ತಿಂದಿದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ನನಗೇನು ಗೊತ್ತು? ಗೊತ್ತಾಗದಿರುವುದೇ ಕಾಯಿಲೆಯಂತೆ. ವಾಪಸ್ ಬರುತ್ತದಾ ಎಂದು ಕೇಳಿದೆ. "ಇದ್ದದ್ದನ್ನ ಉಳಿಸಿಕೊಳ್ಳೋಣ" ಎಂದರು. ಇಲ್ಲ ಅನ್ನುವುದನ್ನು ಎಷ್ಟು ಚಂದ ಹೇಳುತ್ತಾರೆ.

ದಾರಿಯಲ್ಲಿ ತಲೆಗೆ ಹೊಳೆಯಿತು. ಪೈಪು ಮೊದಲ ದಿನವೇ ತಣ್ಣಗಿತ್ತು. ಬೆವೆತಿತ್ತಲ್ಲ! ನಾನೇ ತುಂಬಿದೆ, ಮೇಲೆ ಮೇಲೆ ತುಂಬಿದೆ. ಗ್ಯಾಸ್ ಹೆಚ್ಚಾದರೆ ಪ್ರೆಶರ್ ಏರಿ ಕಂಪ್ರೆಸರ್ ತಾನೇ ನಿಂತುಬಿಡುತ್ತದೆ. ಹತ್ತು ನಿಮಿಷ ತಂಪು, ಆಮೇಲೆ ಒಲೆ. ಕೆಲಸ ಕಲಿಯಲು ಬಂದ ಮೊದಲ ವಾರ ಹೇಳಿಕೊಡುವ ಪಾಠ ಇದು. ಥೂ.

ಅಕ್ಕನಿಗೆ ಫೋನ್ ಮಾಡಬೇಕು. ನಾಳೆ ಥೆರಪಿ ಇದೆ. ಏನು ಹೇಳಲಿ? ಕೈ ಸತ್ತಿದೆ ಎಂದರೆ ಆಯಿತು, ಅಂಗಡಿಯೂ ಸತ್ತ ಹಾಗೆ. ನಂಬರ್ ಒತ್ತಿದೆ. ಕಟ್ ಮಾಡಿದೆ. ನಾಳೆ ಒಂದು ದಿನ ಹೇಗೋ ಹೋಗಿಬರಲಿ. ನಾಡಿದ್ದು ಕರೆಸಿ, ಸದ್ದಿಲ್ಲದೆ ಗ್ಯಾಸ್ ಬಿಟ್ಟು ಸರಿಮಾಡಿಕೊಡುತ್ತೇನೆ.

ಮೇ 4
ಹನ್ನೆರಡು ದಿನ ಪೆನ್ನು ಮುಟ್ಟಲಿಲ್ಲ.

22ರಂದು ದಾರಿಯಲ್ಲಿ ಲಾರಿ ಮಗುಚಿ ಟ್ರಾಫಿಕ್ ನಿಂತುಬಿಟ್ಟಿತು. ಒಂದೂಕಾಲು ಗಂಟೆ. ಎಸಿ ಹತ್ತು ನಿಮಿಷಕ್ಕೆ ನಿಂತಿತು. ಅಕ್ಕ ಗಾಜು ಇಳಿಸಿ, ಪೇಪರಿನಲ್ಲಿ ಗಾಳಿ ಬೀಸಿ, ಕುಡಿಯುವ ನೀರೆಲ್ಲ ಭಾವನ ತಲೆಗೆ ಸುರಿದಳಂತೆ. ಥೆರಪಿ ಸೆಂಟರಿನ ಬಾಗಿಲಲ್ಲಿ ಇಳಿಸಿ ನಿಲ್ಲಿಸಿದಳು. ಕಾಲು ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಬಿದ್ದರು. ಸೊಂಟದ ಮೂಳೆ.

ಆಪರೇಷನ್ ಆಯಿತು. ಇನ್ನು ನಡೆಯುವ ಮಾತು ಬೇಡ ಎಂದಿದ್ದಾರೆ ಡಾಕ್ಟರು. ಹನ್ನೊಂದು ಹೆಜ್ಜೆಯೂ ಹೋಯಿತು.

ಮೇ 7
ಅಂಗಡಿ ಮುಚ್ಚಿದ ಮೇಲೆ, ಯಾರೂ ಇಲ್ಲದಾಗ, ಮೀಟರ್ ಇಳಿಸಿದೆ. ಅಕ್ಕನ ಕಾರಿಗೆ ಹಾಕಿದೆ. ಮುಳ್ಳು ಕೆಂಪಿನಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಿತ್ತು ನನಗೆ. ಹೆಚ್ಚಿನ ಗ್ಯಾಸ್ ತೆಗೆದೆ. ಅರ್ಧ ಗಂಟೆ ಕೆಲಸ, ಅಷ್ಟೇ.

ಅಕ್ಕ ಬಂದು ಕೂತು ನೋಡಿದಳು. "ಅಯ್ಯೋ, ಐಸ್ ಕಣೋ! ಏನಾಗಿತ್ತೋ ಇದಕ್ಕೆ?"

"ವಾಲ್ವ್" ಎಂದೆ. ಬಾಯಿಗೆ ಹುಳ ಬೀಳಲಿ.

"ಹಾಳಾದ್ದು, ಎರಡು ವಾರ ಮುಂಚೆ ಸರಿಹೋಗಿದ್ದಿದ್ರೆ..." ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಇನ್ನೂ ಮಾಯದ ನನ್ನ ಬೊಬ್ಬೆ ನೋಡಿ, "ನನ್ನ ಕಾರಿಗಾಗಿ ಕೈ ಸುಟ್ಟುಕೊಂಡೆಯಲ್ಲೋ" ಎಂದು ಊದಿದಳು. ಸತ್ತುಹೋಗೋಣ ಅನ್ನಿಸಿತು.

ಮೇ 11, ಮಧ್ಯಾಹ್ನ
ತಡೆಯಲಾಗಲಿಲ್ಲ. ಆಸ್ಪತ್ರೆಗೆ ಹೋದೆ. ಅಕ್ಕ ಔಷಧಿ ತರಲು ಕೆಳಗೆ ಇಳಿದಿದ್ದಳು. ಮಂಚದ ಪಕ್ಕ ಕೂತೆ.

"ಭಾವ, ವಾಲ್ವ್ ಅಲ್ಲ. ಗ್ಯಾಸ್ ಜಾಸ್ತಿ ತುಂಬಿದ್ದು ನಾನೇ. ನನ್ನ ಕೈಗೆ ತಣ್ಣಗಿರೋದು ಗೊತ್ತಾಗಲ್ಲ. ನೀವು ಬೀಳೋ ಹಿಂದಿನ ದಿನವೇ ತಿಳೀತು. ಫೋನ್ ಮಾಡಲಿಲ್ಲ."

ಭಾವ ಸೀಲಿಂಗ್ ನೋಡುತ್ತಿದ್ದರು. "ಕೈ ವಿಷಯ ನನಗೆ ಗೊತ್ತಿತ್ತು."

"ಹೇಗೆ?"

"ಸ್ಟೂಲ್ ಮೇಲೆ ಕೂತಿದ್ದೆನಲ್ಲ. ನೀನು ಪೈಪು ಹಿಡಿದು ಅಷ್ಟು ಹೊತ್ತು ತಂಪು ಹುಡುಕ್ತಿದ್ದೆ. ಕಾಲು ಹೋಗೋ ಮುಂಚೆ ನಾನೂ ಹಾಗೇ ನೆಲ ಹುಡುಕ್ತಿದ್ದೆ ಕಣೋ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಭಾವ? ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ!"

"ನಿನ್ನ ಸ್ವಂತ ಅಕ್ಕನೇ ಬೇರೆ ಕಡೆ ಹೋದ್ರೆ ಊರು ಏನನ್ನುತ್ತೆ? ಕೆಲಸ ಬಿಟ್ಟು ಮನೇಲಿ ಕೂರೋದು ಹೇಗಿರುತ್ತೆ ಅಂತ ನನಗೆ ಗೊತ್ತು. ಒಂದು ಬೇಸಿಗೆ ತಾನೇ, ಸಹಿಸ್ಕೊಂಡ್ರಾಯ್ತು ಅಂದ್ಕೊಂಡೆ." ಬಾಗಿಲ ಕಡೆ ನೋಡಿದರು. "ನಿಮ್ಮಕ್ಕನಿಗೆ ಹೇಳಬೇಡ. ಅವಳಿಗೆ ಗಂಡ ಅಂತೂ ಹೀಗಾದ. ತಮ್ಮನಾದರೂ ಇರಲಿ."

ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಔಷಧಿ ಚೀಲ. "ಯಾಕೋ ಅಳ್ತಿದ್ದೀಯ? ಭಾವ ಏನಂದ್ರು? ಹೇಳೋ."

ಭಾವ ಕಣ್ಣಲ್ಲೇ ಬೇಡ ಎಂದರು. ಅವಳು ಹತ್ತಿರ ಬಂದು ತಲೆ ಸವರಿದಳು. ನಾನು ಭಾವನ ಕಣ್ಣು ನೋಡಿ, "ಏನಿಲ್ಲ ಅಕ್ಕ" ಎಂದೆ.