ಹಕ್ಕಿಚೀಲ ಉಲ್ಟಾನ ಇರಲಿ

ಅವ್ವಾ,

ಹಕ್ಕಿ ಹಿಡದು ಕಾಲಿಗೆ ಉಂಗರಾ ಹಾಕಾಕ ರಾಯಾಪುರಕ್ಕ ಹೊಂಟೇನಿ. ಚಾ ಕುಡದೇನಿ.

ತಂತಿ ಮ್ಯಾಲಿನ, ಹಿಡದ ಹಕ್ಕಿ ಇಡೂ ಸಣ್ಣ ಚೀಲ ಒಣಗಿದ ಮ್ಯಾಲೆ ತಗದಿಡು, ಆದ್ರ ತಿರುವಬ್ಯಾಡ. ಹೊಲಿಗಿ ಹೊರಗ ಇರಲಿ ಅಂತ ಬೇಕಂತನ ಉಲ್ಟಾ ಮಾಡೇನಿ. ನಿನ್ನೆ ನೀ ಸೀದಾ ಮಾಡಿ, ಇಸ್ತ್ರಿ ಹೊಡದು ಇಟ್ಟಿದ್ದ ಚೀಲದಾಗ ಒಂದು ಪಿಕಳಾರದ ಉಗುರು ಒಳಗಿನ ದಾರಕ್ಕ ಸಿಕ್ಕಿತ್ತು. ಬಿಡಿಸಿದೆ, ಛಲೋ ಹಾರಿತು. ಇನ್ನೊಮ್ಮಿ ಹಂಗ ಆಗಬಾರದು.

ನೀ ಶೇಂಗಾ ತುಂಬಿದ್ದ ಹಕ್ಕಿಚೀಲ ಖಾಲಿ ಮಾಡೇನಿ. ಶೇಂಗಾ ಡಬ್ಬ್ಯಾಗ ಅದಾವು.

ಅಪ್ಪ ತನ್ನ ಹಳೇ ಧೋತರ ಹುಡುಕಿದ್ರ ಅಂಜಬ್ಯಾಡ. ನೀ ಅದನ್ನ ಹರದು ಹೊಲಿದ ಚೀಲದಾಗ ಎಂಥಾ ಒದರೂ ಹಕ್ಕಿನೂ ತೂಕ ಮಾಡೂತನಕ ಗಪ್ ಕುಂದರತದ ಅಂತ ಹೇಳು.

ಅಪ್ಪನೂ ಗಪ್ ಆಗ್ತಾನ.

ದಾಕ್ಷಾಯಿಣಿ