ಕೌದಿ ಐತಾ?

೧೨ ಮೇ ೧೯೫೬, ಶನಿವಾರ. ಶಹಾಪುರ.
ಬೆಳಗಿನ ಬಸ್ಸಿಗೆ ಯಾದಗಿರಿಯಿಂದ ಬಂದೆ. ಶಾಲೆಗೆ ರಜೆ. ಅಂಬಣ್ಣನ ಮನೆಯಲ್ಲಿ ಬಿಡಾರ. ಬಿಸಿಲು ಇಳಿದ ಮೇಲೆ ಬಂಡೆ ಹತ್ತಲು ಗುಡ್ಡಕ್ಕೆ — ಅಂಬಣ್ಣ, ಪಂಪಣ್ಣ, ನಾನು. ಬರಿಗಾಲು. ಹೆಗಲ ಮೇಲೆ ಅಂಬಣ್ಣನ ತಾಯಿ ಸುಂದ್ರಮ್ಮ ಹಳೇ ಸೀರೆ ಸೇರಿಸಿ ಹೊಲಿದ ಎರಡು ಕೌದಿ, ಬಿದ್ದರೆ ಪೆಟ್ಟಾಗದಂತೆ ಬಂಡೆಯ ಬುಡಕ್ಕೆ ಹಾಸಲು. ಹತ್ತಿದವನು ಕೈ ಬಿಡುವ ಮೊದಲು ಕೂಗಬೇಕು: "ಕೌದಿ ಐತಾ?" ಕೆಳಗಿನವನು ನೋಡಿ, ಸರಿಯಾದ ಜಾಗಕ್ಕೆ ಎಳೆದು, "ಐತಿ, ಬಿಡು" ಅನ್ನಬೇಕು. ಹುಡುಗರಾಗಿದ್ದಾಗಿನ ಕಟ್ಟಳೆ.

ಎರಡು ಸಲ ಬಿದ್ದೆ. "ಮಾಸ್ತರ, ನಿನ್ನ ಬಂಗಾಲಿ ಬಾಬುಗಳು ಕಲ್ಲು ಹತ್ತತಾರೇನು?" ಅಂದ ಪಂಪಣ್ಣ.
"ಅವ್ರು ಬರೇ ಅಳ್ತಾರ," ಅಂಬಣ್ಣ.
ನನ್ನ ಚೀಲದಲ್ಲಿದ್ದ ಬಂಗಾಲಿ ಕಾದಂಬರಿಯ ಅನುವಾದಕ್ಕೆ ಗೇಲಿ. ಇರಲಿ. ಬರುವ ತಿಂಗಳು ಅಂಬಣ್ಣ ಸೋದರಮಾವನ ಲಾರಿಗೆ ಕ್ಲೀನರ್, ಆಮೇಲೆ ಡ್ರೈವರ್. ಹಿಗ್ಗಿನಲ್ಲಿದ್ದಾನೆ.

೧೩ ಮೇ, ರವಿವಾರ, ಸಂಜೆ.
ಸಿಟ್ಟು ಇನ್ನೂ ಇಳಿದಿಲ್ಲ. ಆದದ್ದು ಆದಂತೆ ಬರೆಯುವೆ.

ಹೊತ್ತೇರಿ ಕಲ್ಲು ಕಾದಿತ್ತು. ಅಂಬಣ್ಣ ಎರಡಾಳೆತ್ತರದಲ್ಲಿ. ಅವನಿಗೆ ಕೆಳಗೇನೂ ಕಾಣದು, ಬಂಡೆಯ ಹೊಟ್ಟೆ ಅಡ್ಡ. ಕಾಯುವ ಪಾಳಿ ಪಂಪಣ್ಣನದು. ನಾನು ಪಕ್ಕದ ಬಂಡೆಯ ಮೇಲೆ.
"ಕೌದಿ ಐತಾ?"
"ಐತಿ, ಬಿಡು!"
ಕೂಗಿದ್ದು ಬುಡದಿಂದಲ್ಲ, ನೆರಳಿನಿಂದ. ಪಂಪಣ್ಣ ಎರಡೂ ಕೌದಿ ಅಲ್ಲಿಗೆ ಎಳೆದುಕೊಂಡು ಹೋಗಿ ಮಲಗಿದ್ದ. ಕಣ್ಣು ಮುಚ್ಚಿಕೊಂಡೇ ಕೂಗಿದ. ನಾನು "ಬ್ಯಾಡ" ಅನ್ನುವಷ್ಟರಲ್ಲಿ ಅಂಬಣ್ಣ ಬಿಟ್ಟಿದ್ದ.

ಕಾಲ ಹರಡು ಮುರಿದಿದೆ. ತಲೆಗೂ ಪೆಟ್ಟು. ಕಾದಂಬರಿಯಲ್ಲಿ ಬಿದ್ದವರು ಪುಟಗಟ್ಟಲೆ ಮಾತಾಡುತ್ತಾರೆ. ಇವನು "ಅವ್ವಾ" ಅಂದ, ಅಷ್ಟೆ. ಅದೇ ಕೌದಿಯಲ್ಲಿ ಇಬ್ಬರೂ ಹೊತ್ತು ತಂದೆವು.

೧೭ ಮೇ, ಗುರುವಾರ. ಯಾದಗಿರಿ.
ಶಹಾಪುರಕ್ಕೆ ಹೋಗಿ ಅಂಬಣ್ಣನನ್ನು ನೋಡಿ ಬಂದೆ. ಸುರಪುರದಿಂದ ಎಲುಬು ಕೂಡಿಸುವ ದ್ಯಾವಪ್ಪ ಬಂದು ಕಟ್ಟಿದ್ದಾನೆ. ಕಾಲು ಕೂಡೀತು. ಆದರೆ ಅಂಬಣ್ಣನಿಗೆ ಬಿದ್ದದ್ದರ ನೆನಪಿಲ್ಲ. ಪಂಪಣ್ಣ ಹೇಳಿದ್ದೇ ವೇದ. "ಜವಾಬು ಬರೂತನ ತಡೀಲಿಲ್ಲಂತೋ ನಾ. ನಂದೇ ಅವಸರ," ಅಂದ ಅಂಬಣ್ಣ.
ಅವಸರ! ಊರಿಗೆಲ್ಲ ಇದೇ ಕಥೆ. ಸುಂದ್ರಮ್ಮ ಪಂಪಣ್ಣನಿಗೆ ಚಹಾ ಕೊಟ್ಟು, "ನೀನರೆ ಅಲ್ಲಿದ್ದಿ ತಮ್ಮಾ," ಅಂದರು. ಅವನು ಸಕ್ಕರೆ ಕಡಿಮೆ ಅಂದ! ಹಾಸಿಗೆ ಹಿಡಿದವನ ಎದುರು ಜಗಳ ಬೇಡವೆಂದು ಎದ್ದು ಬಂದೆ.

೨೦ ಮೇ, ರವಿವಾರ.
ಲಾರಿ ಬಸವಂತ್ರಾಯರು — ಅಂಬಣ್ಣನ ಮಾವ — ಇಲ್ಲಿನ ಗಂಜ್ ಪೇಟೆಯಲ್ಲಿ ಸಿಕ್ಕರು. "ಮಾತಿಗೆ ತಡಿಯದವ ಲಾರಿಗೆ ಬ್ಯಾಡ್ರಿ ಮಾಸ್ತರ. ಪಂಪಣ್ಣನ್ನ ತಗೊಂಡೇನಿ. ಸಮಾಧಾನದ ಹುಡುಗ."
ಸಮಾಧಾನದ ಹುಡುಗ...

ಪಂಪಣ್ಣನನ್ನು ಲಾರಿಯ ಮರೆಗೆ ಕರೆದೆ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.
"ಖರೆ ಹೇಳಿದ್ರ ಎಲುಬು ಕೂಡ್ತದೇನು? ಹೋಗೋ, ನಿನ್ನ ಪುಸ್ತಕ ಓದು ಹೋಗು."

ಅಲ್ಲೇ ನಿಂತು ನೋಡಿದೆ. ಲಾರಿ ಹಿಂದಕ್ಕೆ ಸರಿಯತೊಡಗಿತು. ಹಿಂದೆ ಶೇಂಗಾ ಚೀಲಗಳ ನಡುವೆ ಹಮಾಲರು ಊಟಕ್ಕೆ ಕೂತಿದ್ದರು. ಹಿಂದೆ ನೋಡಿ ಹೇಳಬೇಕಾದ ಪಂಪಣ್ಣ ತಲೆ ಬಗ್ಗಿಸಿ ಬೀಡಿ ಹಚ್ಚುತ್ತ, "ಬರ್ಲಿ, ಬರ್ಲಿ," ಅನ್ನುತ್ತಿದ್ದ. ಹಮಾಲರು ಬುತ್ತಿ ಬಿಟ್ಟು ಹಾರಿ ಉಳಿದರು. "ಐತಿ, ಬಿಡು" ಅಂದ ಅದೇ ದನಿ.

ನಾಳೆ ಲಾರಿ ಹೊರಡುವ ಮೊದಲು ಹೋಗುವೆ. ಡ್ರೈವರ್, ಹಮಾಲರು, ಎಲ್ಲರೆದುರು. ಹೇಳುವುದು ಗಟ್ಟಿ ಮಾಡಿಕೊಂಡಿದ್ದೇನೆ: ಬಸವಂತ್ರಾಯರ, ಅಂಬಣ್ಣ ಕೇಳ್ಯಾನ್ರಿ. ಜವಾಬು ಬಂದ ಮ್ಯಾಲೇ ಬಿಟ್ಟಾನ. ಮ್ಯಾಲಿಂದ ನಾ ನೋಡೇನಿ, ಪಂಪಣ್ಣ ನೆರಳಿನಾಗ ಕೌದಿ ಮ್ಯಾಲೆ ಮಲಗೇ ಕೂಗ್ಯಾನ.